ಮೂರ್ತಪ್ಪ ಪಾಸು ಮಾಡಿದ ಎಣ್ಣೆ

ಹಿರಿಯೂರಿನ ಹೆದ್ದಾರಿ ಬದಿಯ ಹುಣಸೆಮರದ ಕೆಳಗೆ ಮೂರ್ತಪ್ಪ ಬಂದು ಕೂತನೆಂದರೆ ಎಣ್ಣೆ ಅಂಗಡಿಯವರ ಎದೆ ಡವಡವ ಅನ್ನುತ್ತಿತ್ತು. ಇಡೀ ಪ್ರಾಯವನ್ನು ಕೊಬ್ಬರಿ ಲಾರಿಯ ಸ್ಟೇರಿಂಗ್ ಮುಂದೆ ಕಳೆದ ಮನುಷ್ಯ. ಸುತ್ತಿನ ಡ್ರೈವರುಗಳು ಯಾರೇ ಎಂಜಿನ್ ಆಯಿಲ್ ಕೊಂಡರೂ ಗಾಡಿಗೆ ಸುರಿಯುವ ಮೊದಲು ಡಬ್ಬಿಯನ್ನು ಅವನ ಮುಂದಿಡಬೇಕು, ಅದು ಇಲ್ಲಿನ ರಿವಾಜು. ಅವನು ಒಂದು ಹನಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ತೋರುಬೆರಳಿನಿಂದ ಉಜ್ಜಿ, ಎರಡನ್ನೂ ನಿಧಾನವಾಗಿ ಬಿಡಿಸುತ್ತಿದ್ದ. ನಡುವೆ ಎಳೆ ಎದ್ದರೆ, "ಪಾಸು, ಹಾಕ್ರಿ." ಏಳದಿದ್ದರೆ, "ಇದ್ನ ತಗಂಡೋಗಿ ಬಾಗಿಲ ತಿರುಗಣೆಗೆ ಬಿಡ್ರಿ." ಅದರ ಮೇಲೆ ಅಪೀಲಿಲ್ಲ.

ನಗಬೇಡಿ. ಪೀಪಾಯಿಯಿಂದ ಬಿಡಿಯಾಗಿ ಎಣ್ಣೆ ಮಾರುತ್ತಿದ್ದ ಕಾಲದಲ್ಲಿ ಎಷ್ಟೋ ಕಲಬೆರಕೆ ಸಿಕ್ಕಿಬಿದ್ದದ್ದು ಆ ಬೆರಳುಗಳಿಂದಲೇ, ಎಷ್ಟೋ ಲಾರಿಗಳು ಉಳಿದದ್ದೂ ಅದರಿಂದಲೇ. ಓದು ಬರಹ ಇಲ್ಲದ ಮೂರ್ತಪ್ಪನಿಗೆ ಅದೊಂದೇ ಆಸ್ತಿ. ಅದೊಂದೇ ಜಂಬ ಕೂಡ.

ಎರಡು ಸಾವಿರದ ಮೂರರಲ್ಲಿ ಅವನ ಅಳಿಯ ಮಾರುತೇಶ್ ಬಾಡಿಗೆಗೆ ಓಡಿಸಲು ಟರ್ಬೊ ಇರುವ ಡೀಸೆಲ್ ಕಾರು ತಂದ. ಮೊದಲ ಸಲ ಎಣ್ಣೆ ಬದಲಿಸುವ ಹೊತ್ತಿಗೆ ಕಂಪನಿಯವರು ಹೇಳಿದ ಡಬ್ಬಿಯನ್ನೇ ಕೊಂಡು, ರಿವಾಜಿನಂತೆ ಮಾವನ ಮುಂದಿಟ್ಟ. ಮೂರ್ತಪ್ಪ ಬೆರಳು ಉಜ್ಜಿದ. ಎಳೆ ಏಳಲಿಲ್ಲ.

"ಏನಪ್ಪ ಇದು, ನೀರಿದ್ದಂಗೈತೆ! ಈ ಗಾಡೀಲಿ ನನ್ನ ಮಗಳು ಓಡಾಡ್ತಾಳೆ ಕಣಯ್ಯ. ಲಾರಿಗೆ ಹಾಕೋ ಗಟ್ಟಿ ಎಣ್ಣೆ ಹಾಕು."

ಆ ದಿನ ಚಿತ್ರದುರ್ಗದ ಮೆಕ್ಯಾನಿಕ್ ರಹಮತ್ ಉಲ್ಲಾ ಅಲ್ಲೇ ಚಹಾ ಕುಡಿಯುತ್ತಿದ್ದ. ಮೂರ್ತಪ್ಪನ ಹಳೆಯ ಗೆಳೆಯ.

"ಬ್ಯಾಡ ಮೂರ್ತಣ್ಣ, ಟರ್ಬೊ ಮಾತೇ ಬ್ಯಾರೆ," ಅಂದ ಅವನು. "ಎಂಜಿನ್ನಿಗೆ ಗಾಳಿ ತುಂಬೋ ಪುಟ್ಟ ಚಕ್ರ ಅದು. ಬೆಂಕಿಯಂಥ ಹೊಗೆ ಅದ್ನ ತಿರುಗಿಸ್ತೈತೆ. ಸ್ಟಾರ್ಟ್ ಆದ ತಕ್ಷಣ ಎಣ್ಣೆ ಅಲ್ಲಿಗೆ ಮುಟ್ಟಬೇಕು, ಅದಕ್ಕೇ ತೆಳ್ಳಗೆ ಮಾಡಿರೋದು. ನಿನ್ನ ಗಟ್ಟಿ ಎಣ್ಣೆ ಮುಟ್ಟೋದೂ ತಡ, ಆ ಕಾವಿಗೆ ಸುಟ್ಟು ಇದ್ದಲಾಗೋದೂ ಬೇಗ. ಇನ್ನೊಂದು, ದೂರ ಓಡಿಸಿ ಬಂದು ಗಪ್ಪಂತ ಆಫ್ ಮಾಡಬ್ಯಾಡ್ರಿ. ಸ್ವಲ್ಪ ಹೊತ್ತು ಎಂಜಿನ್ ಸುಮ್ನೆ ಆಡಾಕೆ ಬಿಟ್ಟು ಆಮೇಲೆ ನಿಲ್ಲಿಸ್ರಿ."

"ನಿಂತ ಗಾಡಿಗೆ ಡೀಸೆಲ್ ಕುಡಿಸ್ಬೇಕೇನ್ಲೇ?" ಎಂದು ಮೂರ್ತಪ್ಪ ಗದರಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ರಹಮತ್ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ಗಟ್ಟಿ ಎಣ್ಣೆ ಬಿತ್ತು.

ಏನೂ ಆಗಲಿಲ್ಲ. ಅದೇ ಕೇಡಾದದ್ದು. ಆ ವರ್ಷವೆಲ್ಲ ಕಾರು ಚೆನ್ನಾಗಿಯೇ ಓಡಿತು, ಮೂರ್ತಪ್ಪನ ಮಾತಿಗೆ ತೂಕ ಬಂತು. ಟರ್ಬೊ ಗಾಡಿ ಇಟ್ಟ ಉಳಿದವರೂ ಹುಣಸೆಮರಕ್ಕೆ ಬಂದರು. ಶಾಲೆ ಮಕ್ಕಳನ್ನೂ ಮದುವೆ ದಿಬ್ಬಣವನ್ನೂ ಸಾಗಿಸುವ ಚಿಕ್ಕಜಾಜೂರಿನ ಮುರುಗಪ್ಪ ಬಂದ, ಹೊಸದುರ್ಗದ ಕಡೆಯವರು ಬಂದರು. ಎಲ್ಲರಿಗೂ ಅದೇ ಗಟ್ಟಿ ಎಣ್ಣೆ ಪಾಸಾಯಿತು.

ಆಮೇಲೆ ಕಾರು ಸಿಳ್ಳೆ ಹಾಕತೊಡಗಿತು. ಮೊದಮೊದಲು ಚಡಾವು ಹತ್ತುವಾಗ ಸಣ್ಣಗೆ, ಬರಬರುತ್ತ ಸಮನಾದ ದಾರಿಯಲ್ಲೂ. ಹಿಂದೆ ನೀಲಿ ಹೊಗೆ.

"ಮಾವ, ಎಣ್ಣೆ ಬ್ಯಾರೆ ಕಮ್ಮಿಯಾಗ್ತೈತೆ. ರಹಮತ್ ಸಾಬ್ರಿಗೆ ತೋರಿಸಾಣ?"

"ಸಿಳ್ಳೆ ಅಂದ್ರೆ ಎಂಜಿನ್ನು ಖುಷಿಯಾಗೈತೆ ಅಂತ. ಕಮ್ಮಿಯಾದಷ್ಟು ಹುಯ್ಯಿ."

ಬಾಯಲ್ಲಿ ಹಾಗಂದನೇ ಹೊರತು, ಕಾರು ಬೀದಿ ತಿರುಗುವ ಮೊದಲೇ ಆ ಸಿಳ್ಳೆ ಕೇಳಿ ಅವನು ಅಳುಕಿ, ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದ. ಹೇಳಿಕೊಂಡರೆ ರಹಮತ್ ಗೆದ್ದಂತಾಗುತ್ತದೆ. ಹಾಳು ಜಂಬ!

ಮಗಳು ಯಶೋಧಾ ಬಸುರಿ. ಅವಳನ್ನು ಚಿತ್ರದುರ್ಗದಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಮೂವರೂ ಹಿಂದಿರುಗುತ್ತಿದ್ದರು. ಐಮಂಗಲ ಹತ್ತಿರವಾಗುವ ಹೊತ್ತಿಗೆ ಸಿಳ್ಳೆ ಕಿರುಚಾಟವಾಯಿತು. ಮಾರುತೇಶ್ ಆಕ್ಸಿಲರೇಟರಿನಿಂದ ಕಾಲು ತೆಗೆದ. ಎಂಜಿನ್ ತಗ್ಗಲಿಲ್ಲ, ಇನ್ನೂ ಏರಿತು. ಬಿಳಿ ಹೊಗೆ ಹೆದ್ದಾರಿಯನ್ನೇ ಮುಚ್ಚಿತು. ಹೇಗೋ ಬ್ರೇಕು ತುಳಿದು ಗಾಡಿಯನ್ನು ಬದಿಗೆ ತಂದು, ಕೀಲಿ ತಿರುಗಿಸಿ ಕೈಗೇ ತೆಗೆದುಕೊಂಡ. ಎಂಜಿನ್ ನಿಲ್ಲಲಿಲ್ಲ.

"ಮಾವ, ಕೀಲಿ ನನ್ನ ಕೈಯಾಗೈತೆ! ನಿಲ್ತಾ ಇಲ್ಲ!"

ಮೂರ್ತಪ್ಪನಿಗೆ ಒಂದೇ ಏಟಿಗೆ ಎಲ್ಲ ತಿಳಿಯಿತು. ಟರ್ಬೊ ಸವೆದು ಹೋಗಿದೆ. ತಾನು ಪಾಸು ಮಾಡಿದ ಎಣ್ಣೆಯೇ ಅದರೊಳಗಿಂದ ಸೋರಿ ಎಂಜಿನ್ನಿನ ಬಾಯಿಗೆ ಬೀಳುತ್ತಿದೆ. ಎಂಜಿನ್ ಡೀಸೆಲ್ ಬಿಟ್ಟು ಆ ಎಣ್ಣೆಯನ್ನೇ ಕುಡಿದು ಓಡುತ್ತಿದೆ, ಸಿಡಿಯುವ ತನಕ ಓಡುತ್ತದೆ.

"ಅವ್ಳನ್ನ ಇಳಿಸ್ಕಂಡು ದೂರ ಓಡೋ!" ಎಂದು ಅಳಿಯನಿಗೆ ಕೂಗಿ, ಬಾನೆಟ್ ಎತ್ತಿದ. ಗಾಳಿ ಎಳೆಯುವ ರಬ್ಬರ್ ಕೊಳವೆಯನ್ನು ಕಿತ್ತು, ಹೆಗಲ ಟವೆಲ್ಲನ್ನು ಉಂಡೆ ಮಾಡಿ ಎಂಜಿನ್ನಿನ ಗಾಳಿಬಾಯಿಗೆ ತುರುಕಿ ಒತ್ತಿ ಹಿಡಿದ. ಪಕ್ಕದ ಕಬ್ಬಿಣ ಕಾದು ಕೆಂಪಗಾಗಿತ್ತು. ಹೆಬ್ಬೆರಳು, ತೋರುಬೆರಳು ಅದಕ್ಕೇ ತಾಗಿದವು. ಮಗಳು ಇನ್ನೂ ನಾಲ್ಕು ಹೆಜ್ಜೆ ದಾಟಿರಲಿಲ್ಲ, ಬಿಟ್ಟರೆ ಅವಳಿಲ್ಲ. ಅವನು ಬಿಡಲಿಲ್ಲ. ಗಾಳಿ ಸಿಗದೆ ಎಂಜಿನ್ ನಡುಗಿತು, ಕೆಮ್ಮಿತು, ಸತ್ತಿತು.

ಮಗಳು ಉಳಿದಳು, ಹೊಟ್ಟೆಯಲ್ಲಿದ್ದ ಮಗುವೂ ಉಳಿಯಿತು. ಗಾಯಕ್ಕೆ ಪಟ್ಟಿ ಕಟ್ಟಿದ ಡಾಕ್ಟರು, ಆ ಎರಡು ಬೆರಳಿಗೆ ಇನ್ನು ಸ್ಪರ್ಶ ತಿಳಿಯುವುದು ಕಷ್ಟ ಅಂದರು. ನೋಡಲು ಬಂದ ರಹಮತ್ ಬೈಯಲಿಲ್ಲ. ಪಟ್ಟಿ ಸುತ್ತಿದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತ.

"ಹೋಗ್ಲಿ ಬಿಡು ಮೂರ್ತಣ್ಣ, ಎಲ್ರೂ ಬದುಕಿದ್ರಲ್ಲ."

"ಎಲ್ರೂ ಅಂದ್ರೆ?" ಎಂದ ಮೂರ್ತಪ್ಪ. ಹುಣಸೆಮರಕ್ಕೆ ಬಂದುಹೋದ ಡಬ್ಬಿಗಳು ಒಂದೊಂದಾಗಿ ನೆನಪಾಗತೊಡಗಿದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೆಳಗಾಗುತ್ತಲೇ ಹೆದ್ದಾರಿಗೆ ಬಂದು ನಿಂತ. ಕಂಡ ಗಾಡಿಗಳನ್ನು ನಿಲ್ಲಿಸಿ, "ಆ ಎಣ್ಣೆ ತೆಗೀರಪ್ಪೋ, ನಂದು ತಪ್ಪಾತು," ಎಂದು ಕೈ ಮುಗಿದ. ಕೆಲವರು ಕೇಳಿದರು. ಕೆಲವರು, ಪಾಪ, ಗಾಬರಿಗೆ ತಲೆ ಕೆಟ್ಟಿದೆ ಎಂದು ನಕ್ಕು ಹೋದರು.

ಒಂದು ಮಧ್ಯಾಹ್ನ ದೂರದಿಂದಲೇ ಸಿಳ್ಳೆ ಕೇಳಿತು. ಮುರುಗಪ್ಪನ ಗಾಡಿ. ಮುಂದೆ ಬಾಳೆಕಂದು, ಹೂವಿನ ಹಾರ. ಒಳಗೆ ಮದುವೆ ದಿಬ್ಬಣ, ಕಿಟಕಿಗಳ ತುಂಬ ಮಕ್ಕಳ ಮುಖ.

"ನಿಲ್ಸೋ ಮುರುಗಾ! ನಿಲ್ಸೋ!"

ಪಟ್ಟಿ ಕಟ್ಟಿದ ಕೈ ಎತ್ತಿ ಮೂರ್ತಪ್ಪ ಗಾಡಿಗೆ ಅಡ್ಡ ಓಡಿದ. ಮುರುಗಪ್ಪ ತುಸು ಬಳಸಿಕೊಂಡು, ಗಾಡಿಯಿಂದ ಕತ್ತು ಹೊರಹಾಕಿ ಗೌರವದಿಂದ ಕೈ ಬೀಸಿದ.

"ನೀನ್ ಹೇಳಿದ ಎಣ್ಣೇನೇ ಕಣಣ್ಣೋ! ನಿನ್ನೆ ಕೂಡ ಹುಯ್ಸೀನಿ!"

ಮೂರ್ತಪ್ಪ ನೀಲಿ ಹೊಗೆಯ ಹಿಂದೆ ಓಡಿದ. ಗಾಡಿ ಐಮಂಗಲದ ಕಡೆ ಹೊರಟುಹೋಯಿತು.