ಸುಣ್ಣ ಮುಟ್ಟದ ಚೌಕ

ಪ್ರತಿ ವರ್ಷ ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವಾಗ ಮುಂಗೋಡೆಯಲ್ಲಿ, ಬಾಗಿಲಿನ ಎಡಕ್ಕೆ, ಸುಮಾರು ಎರಡು ಮೊಳ ಅಗಲದ ಒಂದು ಚೌಕವನ್ನು ಬಿಟ್ಟು ಬಳಿಯುತ್ತೇನೆ. ಇದು ಕೇಳಿದಷ್ಟು ಸುಲಭವಲ್ಲ. ಸುಣ್ಣ ಕುಡಿದ ಕುಂಚ ಭಾರವಾಗಿರುತ್ತದೆ, ಎಲ್ಲಿ ಬೇಡವೋ ಅಲ್ಲಿಯೇ ಹನಿ ಜಾರುತ್ತದೆ. ಒಂದು ಕೈಯಲ್ಲಿ ರಟ್ಟಿನ ತುಂಡು ಹಿಡಿದು ಅಂಚು ಕಾಯಬೇಕು, ಇನ್ನೊಂದು ಕೈಯಲ್ಲಿ ಬಳಿಯಬೇಕು. ಏಣಿ ಹಿಡಿಯಲು ಮೂರನೆಯ ಕೈ ಇಲ್ಲದ್ದರಿಂದ ಪ್ರತಿ ವರ್ಷವೂ ಒಮ್ಮೆ ಜಾರುತ್ತೇನೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಒಂದು ತಾಸಿನ ಕೆಲಸವನ್ನು ದಿನವಿಡೀ ಎಳೆಯುತ್ತೀಯಲ್ಲ ಎನ್ನುತ್ತಾರೆ. ಹೌದು ಎನ್ನುತ್ತೇನೆ.

ಆ ಚೌಕದಲ್ಲಿರುವುದು ಸರ್ಕಾರದ ಬರಹ. ಮೇಲೆ ವಸತಿ ಯೋಜನೆಯ ಹೆಸರು, ಕೆಳಗೆ ವರ್ಷ, ನಡುವೆ ದಪ್ಪ ನೀಲಿ ಅಕ್ಷರಗಳಲ್ಲಿ ಫಲಾನುಭವಿಯ ಹೆಸರು: ಶ್ರೀಮತಿ ಗೌರಿ. ಗಂಡನ ಹೆಸರಿಗೆ ಪೇಂಟರನಿಗೆ ಜಾಗ ಸಾಲಲಿಲ್ಲ. ಅದರಿಂದ ಅವಳಿಗೆ ಬೇಸರವಾದಂತೆ ಕಾಣಲಿಲ್ಲ.

ಮನೆ ಕಟ್ಟಲು ನೆರವು ಪಡೆದವರೆಲ್ಲ ಹೀಗೆ ಗೋಡೆಯ ಮೇಲೆ ಬರೆಸಬೇಕೆಂಬುದು ನಿಯಮ. ಬರೆಸಿ, ಅದು ಕಾಣುವಂತೆ ಫೋಟೋ ತೆಗೆಸಿ ಕೊಟ್ಟರೆ ಮಾತ್ರ ಕೊನೆಯ ಕಂತು. ಸಿದ್ದಾಪುರದಿಂದ ಶಿರಸಿಗೆ, ಶಿರಸಿಯಿಂದ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕೂತು ಈ ಚೌಕಗಳನ್ನು ಓದುವುದು ನನ್ನ ಚಟ. ಮಂಜೂರಾತಿ ಹೆಚ್ಚಾಗಿ ಹೆಂಗಸರ ಹೆಸರಿಗೆ ಆಗುತ್ತಿದ್ದುದರಿಂದ ಓದಿದಲ್ಲೆಲ್ಲ ಅವರದೇ ಹೆಸರು. ಮಾದೇವಿ, ಹುಚ್ಚಮ್ಮ, ನಾಗವೇಣಿ, ಗಂಗೆ. ನಮ್ಮ ಕಡೆಯ ಹೆಂಗಸರ ಹೆಸರುಗಳು ಮನೆಯಿಂದ ಹೊರಗೆ ಬಂದು ಬಿಸಿಲಲ್ಲಿ ನಿಂತದ್ದು ಈ ಗೋಡೆಗಳ ಮೇಲೆಯೇ ಮೊದಲು ಎಂದು ನನ್ನ ಅಂದಾಜು. ಅದಕ್ಕೆ ಮುಂಚೆ ಅವು ಎಲ್ಲಿದ್ದವು ಎಂಬುದು ನನಗೆ ಇವತ್ತಿಗೂ ಕುತೂಹಲ.

ಹೆಸರಿನ ವಿಷಯದಲ್ಲಿ ನನಗೆ ಒಂದು ಕಾಲದಲ್ಲಿ ಜಂಬವಿತ್ತು. ಇಪ್ಪತ್ತೆಂಟು ವರ್ಷ ನಮ್ಮೂರಿನ ಪೋಸ್ಟ್‌ಮನ್ ಆಗಿದ್ದೆ. ಕಾಯಂ ನೌಕರಿಯಲ್ಲ, ಹಳ್ಳಿಗಳಲ್ಲಿ ಅರ್ಧ ದಿನಕ್ಕೆಂದು ಇಟ್ಟುಕೊಂಡು ಇಡೀ ದಿನ ನಡೆಸುವ ಕೆಲಸ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಕರೆಯುವ ಹೆಸರು ಒಂದು, ಕಾಗದದ ಹೆಸರು ಇನ್ನೊಂದು. ಅರವತ್ತು ವರ್ಷ ‘ಅಪ್ಪು’ ಎಂದೇ ಬಾಳಿದವನ ಹೆಸರು ರಾಮಚಂದ್ರ ಎಂದು ಗೊತ್ತಾಗುವುದು ಮನಿಯಾರ್ಡರ್ ಬಂದಾಗ. ಅದನ್ನು ಊರಲ್ಲಿ ಬಲ್ಲವನು ನಾನೊಬ್ಬನೇ ಎಂದು ತಿಳಿದಿದ್ದೆ. ಯಾವ ಹೆಸರು ಕೊಟ್ಟರೂ ಮನೆ ತೋರಿಸುತ್ತೇನೆ ಎನ್ನುತ್ತಿದ್ದೆ. ಈ ಜಂಬ ಇಳಿದದ್ದು ಒಂದು ಗ್ರಾಮಸಭೆಯಲ್ಲಿ.

ತೊಂಬತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಸೋಗೆ ಹೊದಿಸಿದ ಮಣ್ಣಿನ ಮನೆ. ಒಂದು ಗೋಡೆ ಆಗಲೇ ಹೊಟ್ಟೆ ಬಿಟ್ಟುಕೊಂಡು ಹೊರಗೆ ವಾಲಿತ್ತು. ನೆರವಿಗೆ ಅರ್ಜಿ ಹಾಕೋಣ ಎಂದವಳು ಹೆಂಡತಿ. ನಾನು ಟಪಾಲು ಹಂಚಲು ಹೋಗಿದ್ದ ದಿನ ಅಂಗನವಾಡಿ ಟೀಚರ್ ಸುಮಿತ್ರಕ್ಕನ ಹತ್ತಿರ ಕೂತು ಅರ್ಜಿ ತುಂಬಿಸಿ ಬಂದಿದ್ದಳು. ಪಟ್ಟಿ ಓದುವ ದಿನ ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಗಂಡಸರು ಮುಂದೆ, ಹೆಂಗಸರು ಹಿಂದೆ ಜಗಲಿಯ ಮೇಲೆ. ಸೆಕ್ರೆಟರಿ ಬರೀ ಹೆಸರು, ಕೇರಿ ಎಂದಷ್ಟೇ ಓದುತ್ತಾ ಹೋದರು. ನಾನು ಕಿವಿ ಅಗಲಿಸಿ ಕಾಯುತ್ತಿದ್ದುದು ‘ಶಾರದಾ’ ಎಂಬ ಹೆಂಡತಿಯ ಹೆಸರಿಗೆ. ಅದು ಬರಲಿಲ್ಲ. ಕೊನೆಯ ಹೆಸರು ‘ಗೌರಿ, ಕೆಳಗಿನಕೇರಿ’ ಎಂದು ಬಂತು.

ಕೆಳಗಿನಕೇರಿಯಲ್ಲಿ ಗೌರಿ ಎಂದರೆ ನನ್ನ ತಾಯಿ. ಅವಳು ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಸತ್ತವರ ಹೆಸರಿನಲ್ಲಿ ನಮಗೆ ಮನೆ ಬೇಡ ಎಂದು ನನ್ನೊಳಗಿನ ಪ್ರಾಮಾಣಿಕ ಪೋಸ್ಟ್‌ಮನ್ ಎದ್ದು ನಿಂತ. ಎಲ್ಲರಿಗೂ ಕೇಳುವಂತೆ, “ಗೌರಿ ತೀರ್ಕಂಡಾಗಿದೆ. ಆ ಹೆಸ್ರು ತೆಗೀರಿ” ಎಂದೆ.

ಸೆಕ್ರೆಟರಿ ಪೆನ್ನಿನ ಮುಚ್ಚಳ ತೆಗೆದರು. ಆ ಜಾಗ ಖಾಲಿಯಾದರೆ ಮುಂದಿನ ಸರದಿ ಮೇಲಿನಕೇರಿಯ ಬೀರಪ್ಪನ ಮನೆಯವರದು. ಬೀರಪ್ಪ ಆಗಲೇ ಪಂಚೆ ಸರಿಮಾಡಿಕೊಂಡು ಎದ್ದಿದ್ದ. ಆಗ ಜಗಲಿಯಿಂದ ಸುಮಿತ್ರಕ್ಕನ ದನಿ ಬಂತು.

“ತಿಮ್ಮಣ್ಣ, ಕೂತ್ಕ ಮಾರಾಯ. ಗೌರಿ ಅಂದ್ರೆ ನಿನ್ ಹೆಂಡ್ತಿ. ಸತ್ತಿಲ್ಲ, ಇಲ್ಲೇ ನನ್ ಪಕ್ಕ ಕೂತ್ಕಂಡು ಎಲೆ ಹಾಕ್ತಾ ಇದಾಳೆ.”

ಆ ನಗು ಇವತ್ತಿಗೂ ನಮ್ಮೂರಿನ ಶಾಲೆಯ ಹಂಚಿನ ಸಂದಿಯಲ್ಲಿ ಎಲ್ಲೋ ಉಳಿದಿರಬೇಕು. ಬದುಕಿರುವ ಹೆಂಡತಿಯನ್ನು ಸಭೆಯಲ್ಲಿ ಸಾಯಿಸಿದವನು ಎಂಬ ಬಿರುದು ನನಗೆ ಬಂತು. ಟೀಚರ್ ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಮನೆ ತನಗಾಗುತ್ತಿತ್ತು ಎಂದು ಬೀರಪ್ಪ, ಮುಂದಿನ ವರ್ಷ ಅವನಿಗೂ ಮನೆ ಬಂದ ಮೇಲೂ, ಬಹಳ ದಿನ ಹೇಳುತ್ತಿದ್ದ.

ನನ್ನ ಮರೆವಿಗೆ ಕಾರಣವಿಲ್ಲದಿಲ್ಲ. ಅವಳು ಹುಟ್ಟಿದ್ದು ಗುಡ್ನಾಪುರದಲ್ಲಿ, ಗೌರಿಯಾಗಿ. ಮದುವೆಯ ದಿನ ನಮ್ಮ ಮನೆಯವರು ಆ ಹೆಸರನ್ನು ಬದಲಿಸಿದರು, ಏಕೆಂದರೆ ಅತ್ತೆಯ ಹೆಸರೂ ಅದೇ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆ? ಹಿರಿಯರೊಬ್ಬರು ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ‘ಶಾರದಾ’ ಎಂದು ಬರೆಸಿದರು. ಬರೆದವನು ನಾನೇ. ಅಕ್ಕಿಯನ್ನು ಆ ಮಧ್ಯಾಹ್ನವೇ ಬೇಯಿಸಿ ಉಂಡೆವು. ಆಮೇಲೆ ತವರಿನವರು ‘ತಂಗಿ’ ಎನ್ನುತ್ತಿದ್ದರು, ನನ್ನ ತಾಯಿ ‘ಏ ಹುಡುಗಿ’ ಎನ್ನುತ್ತಿದ್ದಳು, ನಾನು ‘ಕೇಳ್ತಾ’ ಎನ್ನುತ್ತಿದ್ದೆ. ನಾನು ಬರೆದ ಹೆಸರನ್ನು ಕೂಡ ನಾನು ಕರೆದವನಲ್ಲ. ಅವಳ ಅಣ್ಣನ ಕಾಗದಗಳು ನನ್ನ ಹೆಸರಿಗೆ ಬರುತ್ತಿದ್ದವು. ಹೀಗೆ ಪೋಸ್ಟ್‌ಮನ್ನನ ಹೆಂಡತಿಗೆ ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಕಾರ್ಡೂ ಬಂದಿರಲಿಲ್ಲ. ಇದು ನನಗೆ ಹೊಳೆದದ್ದು ಆ ಸಭೆಯಿಂದ ಮನೆಗೆ ನಡೆದು ಬರುವಾಗ.

ಹಳೆಯ ಹೆಸರು ಯಾಕೆ ಕೊಟ್ಟೆ ಎಂದು ದಾರಿಯಲ್ಲೇ ಕೇಳಿದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಹಾಗಿದೆ ಎಂದಳು. ಸ್ವಲ್ಪ ದೂರ ಬಂದ ಮೇಲೆ ತಾನಾಗಿ, “ಅತ್ತೆ ಹೋದ್ಮೇಲೆ ಆ ಹೆಸ್ರು ಸುಮ್ನೆ ಬಿದ್ದಿತ್ತು. ಮೊದ್ಲು ನಂದೇ ಅಲ್ದಾ” ಎಂದಳು. ಇನ್ನೂ ಸ್ವಲ್ಪ ದೂರ ಬಂದ ಮೇಲೆ ನಕ್ಕಳು. ಬದುಕಿರುವಾಗಲೇ ಸತ್ತರು ಎಂದು ಸುದ್ದಿಯಾದರೆ ಆಯುಷ್ಯ ಹೆಚ್ಚುತ್ತದಂತೆ, ನಿಮ್ಮ ದಯೆಯಿಂದ ನನಗೆ ನೂರಾಯಿತು ಎಂದಳು. ನನಗೂ ಸಮಾಧಾನವಾಯಿತು.

ಎರಡೂ ಹೆಸರು ಒಬ್ಬಳದೇ ಎಂದು ಛಾಪಾ ಕಾಗದದ ಮೇಲೆ ಬರೆದುಕೊಟ್ಟೆವು. ತಿಂಗಳ ಮೇಲೆ ನನ್ನ ಚೀಲದಲ್ಲಿ ಅವಳ ಹೆಸರಿನ ಕಾಗದ ಬಂತು, ಮಂಜೂರಾತಿ ಪತ್ರ. ಊರಿನವರಿಗೆಲ್ಲ ಹಂಚಿ ಮುಗಿಸಿ, ನಮ್ಮ ಮನೆಯ ಮೆಟ್ಟಿಲ ಕೆಳಗೆ ನಿಂತು, ಎಲ್ಲರ ಮನೆಯಲ್ಲಿ ಕೂಗುವಂತೆಯೇ “ಪೋಸ್ಟ್” ಎಂದು ಕೂಗಿದೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ಯಾರಿಗೆ ಎಂದು ಕೇಳಿದಳು. ಗೊತ್ತಿದ್ದೂ ಕೇಳಿದಳು. ಗೌರಿಯವರಿಗೆ ಎಂದೆ. ನನ್ನ ಬಾಯಲ್ಲಿ ಆ ಹೆಸರು ಅವಳದಾಗಿ ಬಂದದ್ದು ಅದೇ ಮೊದಲು. ಕಾಗದ ತೆಗೆದುಕೊಂಡು ಒಳಗೆ ಹೋದವಳು ಒಂದು ಲೋಟ ಮಜ್ಜಿಗೆ ತಂದು ಮೆಟ್ಟಿಲ ಮೇಲೆ ಇಟ್ಟಳು, ಬೇರೆ ಮನೆಗಳಲ್ಲಿ ಪೋಸ್ಟ್‌ಮನ್ನನಿಗೆ ಇಡುವ ಹಾಗೆ. ಕುಡಿದು ಹೊರಟು, ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ.

ಮನೆ ಎದ್ದಿತು. ಎರಡು ಕೋಣೆ, ಒಂದು ಅಡುಗೆಮನೆ, ಹಂಚಿನ ಮಾಡು. ಪಾಯ, ಕಿಟಕಿಯ ಮಟ್ಟ, ಮಾಡು ಎಂದು ಒಂದೊಂದು ಹಂತಕ್ಕೂ ಫೋಟೋ. ಕೊನೆಯಲ್ಲಿ ಗೋಡೆಯ ಚೌಕ. ಪೇಂಟರ್ ಹೋದ ಮೇಲೆ ಅವಳು ಅದನ್ನು ಬಹಳ ಹೊತ್ತು ನೋಡಿ, ಬೋಳಾಗಿ ಕಾಣುತ್ತದೆ ಎಂದಳು. ಕೆಮ್ಮಣ್ಣು, ಅಕ್ಕಿಹಿಟ್ಟು ಕಲಸಿಕೊಂಡು ಸರ್ಕಾರದ ಬರಹದ ಸುತ್ತ ಚಿತ್ತಾರದ ಎಳೆ ಎಳೆದಳು. ಮದುವೆಮನೆಯ ಹಸೆಗೋಡೆಗೆ ಬರೆಯುತ್ತಾರಲ್ಲ, ಅಂಥದ್ದು. ಫೋಟೋದಲ್ಲಿ ಅದನ್ನು ಕಂಡು ಆಫೀಸಿನವರು ಏನಾದರೂ ಅನ್ನುತ್ತಾರೇನೋ ಎಂದು ನಾನು ಹೆದರಿದ್ದೆ. ಯಾರೂ ಏನೂ ಅನ್ನಲಿಲ್ಲ.

ಅವಳ ತವರೂರಿನ ಕೆರೆಯ ಹತ್ತಿರ ಕದಂಬರ ಕಾಲದ್ದೆಂದು ಹೇಳುವ ಒಂದು ಬರಹದ ಕಂಬವಿದೆ. ಒಮ್ಮೆ ಇಬ್ಬರೂ ನೋಡಲು ಹೋಗಿದ್ದೆವು. ಒಂದಕ್ಷರವೂ ನಮಗೆ ತಿಳಿಯಲಿಲ್ಲ. ಅಲ್ಲಿ ಯಾರೋ, ದೊರೆ ಏನೇನು ದಾನ ಕೊಟ್ಟ ಎಂದು ಬರೆದಿದೆ ಎಂದರು. ಹಾಗಾದರೆ ತೆಗೆದುಕೊಂಡವರ ಹೆಸರೂ ಇರಬೇಕಲ್ಲ ಎಂದು ಅವಳು ಕೇಳಿದಳು. ಹೇಳಿದವರಿಗೆ ಗೊತ್ತಿರಲಿಲ್ಲ. ಬರುವಾಗ ಬಸ್ಸಿನಲ್ಲಿ, ಆ ವಿಷಯದಲ್ಲಿ ನಮ್ಮ ಗೋಡೆಯೇ ವಾಸಿ ಎಂದಳು.

ಆ ಮನೆಯಲ್ಲಿ ಏಳು ವರ್ಷ ಬಾಳಿದಳು. ಒಂದು ಮಳೆಗಾಲದ ಕೊನೆಗೆ ಜ್ವರವೆಂದು ಮಲಗಿದವಳು ಏಳಲಿಲ್ಲ. ನಾನು ಸಭೆಯಲ್ಲಿ ಕೊಡಿಸಿದ ಆಯುಷ್ಯ ಅಷ್ಟಕ್ಕೇ ಸಾಕಾಯಿತು.

ಮರುವರ್ಷ ನನ್ನ ಚೀಲದಲ್ಲಿ ಅವಳಿಗೆ ಇನ್ನೊಂದು ಕಾಗದ ಬಂತು. ಯೋಜನೆಯ ಹಳೆಯ ಮನೆಗಳ ದುರಸ್ತಿಗೆ ನೆರವಿದೆ, ಫಲಾನುಭವಿ ಖುದ್ದಾಗಿ ಸಿದ್ದಾಪುರದ ಕಚೇರಿಗೆ ಬರಬೇಕು ಎಂದು. ದುರಸ್ತಿ ಬೇಕಾಗಿಯೇ ಇತ್ತು. ಅಡುಗೆಮನೆಯ ಮೇಲಿನ ರೀಪುಗಳನ್ನು ಒರಲೆ ಹುಳು ತಿಂದು, ಹಂಚು ಜಾರಿ, ಒಲೆಗೇ ನೀರು ಬೀಳುತ್ತಿತ್ತು. ಆದರೆ ವಿಳಾಸದಾರರು ತೀರಿಕೊಂಡಿದ್ದರೆ ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ಹಾಗೆಂದು ಬರೆದು ವಾಪಸು ಕಳಿಸಬೇಕು. ಊರಿನ ಎಷ್ಟೋ ಜನರ ಬಗ್ಗೆ ಆ ಒಂದು ಸಾಲು ಬರೆದಿದ್ದೇನೆ. ಈ ಕಾಗದವನ್ನು ಮಾತ್ರ ವಾರವೆಲ್ಲ ಚೀಲದಲ್ಲಿ ಹೊತ್ತು ತಿರುಗಿದೆ. ನೂರು ಜನರೆದುರು ಎದ್ದು ನಿಂತು ಸುಳ್ಳಾಗಿ ಹೇಳಿದ್ದ ಮಾತು ನಿಜವಾದ ಮೇಲೆ ಬರೆಯಲು ಬರಲಿಲ್ಲ.

ಕೊನೆಗೆ ಕಾಗದ ಹಿಡಿದು ಕಚೇರಿಗೇ ಹೋದೆ. ಹಾವೇರಿ ಕಡೆಯ ಮಾತಿನ ಒಬ್ಬ ಹುಡುಗಿ ಗುಮಾಸ್ತೆ. “ಅವ್ರ ಬರಬೇಕಿತ್ರಿ” ಎಂದಳು. ಬರಲಿಕ್ಕಾಗುವುದಿಲ್ಲ ಎಂದೆ. ಆರಾಮಿಲ್ಲವೇ ಎಂದು ಕೇಳಿದಳು. ಆರಾಮಾಗಿಯೇ ಇದ್ದಾಳೆ ಎನ್ನಬೇಕೋ ಏನೋ. ಅಲ್ಲಿದ್ದ ಪೆನ್ನು ತೆಗೆದು, ಆ ಸಾಲನ್ನು ಲಕೋಟೆಯ ಮೇಲೆ ಬರೆದು ಅವಳ ಕಡೆ ತಳ್ಳಿದೆ. ಅವಳು ಓದಿ, ಕುರ್ಚಿ ತೋರಿಸಿದಳು. ಮನೆಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡರೆ ದುರಸ್ತಿಯ ನೆರವು ಸಿಗುತ್ತದೆ. ಕೆಲಸ ಮುಗಿದ ಮೇಲೆ ಗೋಡೆಯ ಮೇಲೆ ನನ್ನ ಹೆಸರು, ಹೊಸ ವರ್ಷ ಬರೆಸಿ ಫೋಟೋ ಕೊಡಬೇಕು ಎಂದು ಮೆಲ್ಲಗೆ ಹೇಳಿದಳು.

ನಾನು ಕಾಗದ ಮಡಚಿಕೊಂಡು ಎದ್ದೆ. ಹಂಚು ಹೇಗೋ ಆಗುತ್ತದೆ, ಗೋಡೆ ಹಾಗೇ ಇರಲಿ ಎಂದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಿಯಮದ ಪುಸ್ತಕ ತೆಗೆದು, ಬೆರಳಿಟ್ಟು, ಒಂದು ಪುಟ ಪೂರಾ ಓದಿದಳು.

“ಹೊಸಾದು ಬರಸಬೇಕು ಅಂತ ಐತ್ರಿ. ಹಳೇದು ಅಳಸಬೇಕು ಅಂತ ಎಲ್ಲೂ ಬರದಿಲ್ಲ. ನಿಮ್ಮ ಗ್ವಾಡಿ ಅಷ್ಟ್ ದೊಡ್ಡದಿಲ್ಲೇನು?”

ಇತ್ತು. ಬಾಗಿಲಿನ ಎಡಕ್ಕೆ ಅವಳು, ಬಲಕ್ಕೆ ನಾನು. ಬೋಳಾಗಿ ಕಾಣುತ್ತದೆಂದು ನನ್ನ ಚೌಕಕ್ಕೂ ಚಿತ್ತಾರದ ಎಳೆ ಎಳೆಯಲು ಹೋದೆ. ಗೆರೆ ಹಾವಿನಂತೆ ಎಲ್ಲೆಲ್ಲೋ ಹರಿಯಿತು. ಬೀರಪ್ಪ ನೋಡಿ, ಇದನ್ನು ಬಿಡಿಸಿದ್ದು ಕೋಳಿಯೋ ನೀನೋ ಎಂದು ಕೇಳಿದ. ಫೋಟೋ ಆಯಿತು, ನೆರವು ಬಂತು, ಒಲೆ ಒಣಗಿತು. ಅದರ ನಂತರದ ದೀಪಾವಳಿಗೆ ಸುಣ್ಣ ಬಳಿಯುವಾಗ ಬಾಗಿಲಿನ ಬಲಕ್ಕೆ ರಟ್ಟಿನ ತುಂಡು ಹಿಡಿಯಲಿಲ್ಲ. ಎರಡು ಎಳೆತಕ್ಕೆ ನಾನು ಮುಚ್ಚಿಹೋದೆ.

ಈಗ ಚೀಲ ಬೇರೆಯವರ ಹೆಗಲಿಗೆ ಹೋಗಿದೆ. ಹೊಸ ಪೋಸ್ಟ್‌ಮನ್ ಇಸಳೂರಿನವನು, ಬೈಕಿನಲ್ಲಿ ಬರುತ್ತಾನೆ, ಊರಿನ ಹೆಸರುಗಳು ಇನ್ನೂ ತಿಳಿದಿಲ್ಲ. ಮೊನ್ನೆ ನನಗೊಂದು ಕಾಗದ ತಂದವನು ಅಂಗಳದಲ್ಲಿ ನಿಂತು ಗೋಡೆ ಓದಿದ. ಓದಿ, ಮನೆ ತಪ್ಪಿತೆಂದುಕೊಂಡು ಬೈಕು ತಿರುಗಿಸುತ್ತಿದ್ದ. ನಾನು ಹೊರಗೆ ಬಂದೆ.

“ಇದು ಗೌರಮ್ಮೋರ ಮನೆ ಅಲ್ದಾ?” ಎಂದು ಕೇಳಿದ.

“ಹೌದು,” ಎಂದೆ. “ನಾನೂ ಇಲ್ಲೇ ಇರ್ತೆ. ಕಾಗ್ದ ಕೊಡು.”