ಸೇಲಂನಲ್ಲಿ ನಾನು ನುಂಗಿದ ಮಾತು

ಮಂಜೇಗೌಡನ ಕಾಲು ತಪ್ಪಿರಲಿಲ್ಲ. ಏಳು ವರ್ಷದಿಂದ ಅವನು ಹಾಗೆಂದೇ ನಂಬಿಕೊಂಡಿದ್ದ — ಬ್ರೇಕ್ ತುಳಿಯುವ ಬದಲು ಆಕ್ಸಿಲರೇಟರ್ ತುಳಿದೆ, ರತ್ನಳ ಕೈ ಹೋದದ್ದು ನನ್ನಿಂದ ಎಂದು. ಅವನ ಹೆಂಡತಿ ರತ್ನಳೂ ಹಾಗೆಯೇ ನಂಬಿದ್ದಳು, ಹೆಂಡತಿಯ ತವರಿನವರು ನಂಬಿದ್ದರು. ಅದು ಸುಳ್ಳೆಂದು ತಿಳಿದಿದ್ದವನು ನಮ್ಮ ಕಡೆ ನಾನೊಬ್ಬನೇ. ತಿಳಿದೂ ಸುಮ್ಮನಿದ್ದೆ.

ಎಷ್ಟೋ ವರ್ಷದಿಂದ ಈ ವಿಷಯ ನೆನೆದರೆ ನನಗೆ ಏನೂ ಅನ್ನಿಸುವುದಿಲ್ಲ — ಮರಗಟ್ಟಿದ ಕಾಲನ್ನು ಮುಟ್ಟಿಕೊಂಡ ಹಾಗೆ, ಅಷ್ಟೇ.

ನನ್ನ ಹೆಸರು ಧರಣೇಂದ್ರ. ಹುಟ್ಟಿದ್ದು ಜಿನನಾಥಪುರದಲ್ಲಿ. ಓದು ಮುಗಿಸಿದ ಮೇಲೆ ಸೇಲಂನ ಒಂದು ನೂಲಿನ ಗಿರಣಿಯಲ್ಲಿ ಆರು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿಂದ ಬಂದು ಹೊಳೆನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟೆ. ಹಾಸನದಿಂದ ಅಂಗಡಿಗೆ ಪೈಪು, ಪೇಂಟಿನ ಡಬ್ಬ, ತಂತಿಯ ಸುರುಳಿ ತರುತ್ತಿದ್ದವನೇ ಸಾಲಗಾಮೆಯ ಮಂಜೇಗೌಡ. ಯಾರದೋ ಗೂಡ್ಸ್ ಗಾಡಿಗೆ ಡ್ರೈವರ್. ಇಪ್ಪತ್ತು ವರ್ಷ ಬೇರೆಯವರ ಗಾಡಿ ಓಡಿಸಿದವನು, ಒಂದು ದಿನ ಒಂದು ಗೀರು ಮಾಡಿದವನಲ್ಲ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡದೆ ಇಳಿಯುತ್ತಿರಲಿಲ್ಲ. ಅವನಿಗಿದ್ದ ಆಸೆ ಒಂದೇ — ತನ್ನದೇ ಒಂದು ಗಾಡಿ, ಹೊಸದು, ಯಾರೂ ಓಡಿಸಿರದಂಥದ್ದು.

ಅವನು ಬಯಸಿದ ಗಾಡಿಗೆ ಹಾಸನದಲ್ಲಿ ನಾಲ್ಕು ತಿಂಗಳು ಕಾಯಬೇಕೆಂದರು. ನಾನೇ ಹೇಳಿದೆ, ಸೇಲಂನಲ್ಲಿ ಸಿಗುತ್ತದೆ, ವಿಚಾರಿಸುತ್ತೇನೆ ಎಂದು. ಫೋನ್ ಮಾಡಿದೆ. ಗಾಡಿ ಶೋರೂಮಿನಲ್ಲೇ ಇತ್ತು. ತಾತ್ಕಾಲಿಕ ನಂಬರ್ ಹಾಕಿಸಿಕೊಂಡು ಬಂದು, ಆಮೇಲೆ ಹಾಸನದ ಆರ್‌ಟಿಓದಲ್ಲಿ ನೋಂದಣಿ ಮಾಡಿಸಿದರಾಯಿತು ಎಂದರು. ಮಂಜನಿಗೆ ತಮಿಳು ಒಂದಕ್ಷರ ಬಾರದು. "ಅಣ್ಣ, ನೀವು ಬಂದ್ರೆ ಓಗಾದು, ಇಲ್ದಿದ್ರೆ ಬ್ಯಾಡ" ಅಂದ. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ — ಆ ಹೆಮ್ಮೆಗಾಗಿಯೇ ಹೋದೆ. ಅವನ ಮನೆಯಲ್ಲಿ ಎಲ್ಲರ ಮುಂದೆ, ಒಂದೇ ದಿನದಲ್ಲಿ ಕೀ ಕೈಗೆ ಕೊಡಿಸುತ್ತೇನೆ ಎಂದು ಹೇಳಿಯೂ ಬಂದಿದ್ದೆ.

ಶೋರೂಮಿನಲ್ಲಿ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಎಲ್ಲ ಸಿದ್ಧವಾಗಿತ್ತು. ಮಂಜ ಗಾಡಿಯ ಸುತ್ತ ಸುತ್ತುತ್ತ, ಟವೆಲಿನಿಂದ ಒರೆಸಿದ್ದನ್ನೇ ಒರೆಸುತ್ತಿದ್ದ. ಆಗ ಹಿಂದಿನ ವರ್ಕ್‌ಶಾಪಿನಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಕೈಯೆಲ್ಲ ಗ್ರೀಸು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು — ಟ್ರೈಲರಿನಿಂದ ಇಳಿಸುವಾಗ ಈ ಗಾಡಿಯ ಅಡಿ ತಗುಲಿ ಹಿಂದಿನ ಬ್ರೇಕಿನ ಪೈಪು ಜಖಂ ಆಗಿದೆ. ಈಗ ಸದ್ಯಕ್ಕೆ ಸರಿಮಾಡಿದ್ದೇನೆ. ಹೊಸ ಪೈಪು ಬರಲು ಎರಡು ದಿನ ಬೇಕು. ಇದ್ದು ಹಾಕಿಸಿಕೊಂಡು ಹೋಗುವುದು ಒಳ್ಳೆಯದು. ಅವಸರವಿದ್ದರೆ ಖಾಲಿ ಗಾಡಿ ನಿಧಾನವಾಗಿ ಓಡಿಸಿಕೊಂಡು ಹೋಗಿ, ಊರು ಸೇರಿದ ತಕ್ಷಣ ಬದಲಾಯಿಸಿ. "ಲೋಡ್ ಮಟ್ಟುಂ ಪೋಡಾದೀಂಗ" ಎಂದು ಎರಡು ಸಲ ಅಂದರು. ಲೋಡು ಮಾತ್ರ ಹಾಕಬೇಡಿ ಎಂದು. ಅದನ್ನೇ ಒಂದು ಹಾಳೆಯಲ್ಲಿ ತಮಿಳಿನಲ್ಲಿ ಬರೆದು, ಗಾಡಿ ಕೊಂಡವರು ಸಹಿ ಹಾಕಬೇಕು, ಒಂದು ಪ್ರತಿ ಗಾಡಿಯ ಕಾಗದಗಳ ಜೊತೆ ಇರಲಿ ಎಂದರು.

ಮಂಜ ದೂರದಿಂದಲೇ ಕೇಳಿದ, "ಏನಂತೆ ಧರಣಣ್ಣ? ಅವಾಗ್ಲಿಂದ ಯೋಳ್ತಾನೇ ಅವ್ರೆ?"

ನಾನು ಅಂದೆ, "ಮೊದಲನೇ ಸರ್ವೀಸು ಬೇಗ ಮಾಡಿಸ್ಬೇಕಂತೆ ಕಣೋ. ನಮ್ಮ ಕಡೆ ಎಲ್ಲಿ ಮಾಡಿಸಿದ್ರೂ ಆಯ್ತಂತೆ. ಇಲ್ಲೊಂದು ಸೈನ್ ಹಾಕು."

ಅವನು ಹಾಕಿದ. ಓದಲಾಗದ ಹಾಳೆಯ ಕೆಳಗೆ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ.

ಯಾಕೆ ಹಾಗೆ ಹೇಳಿದೆ — ಮರುದಿನ ಜಿನನಾಥಪುರದಲ್ಲಿ ತಮ್ಮನ ಹೊಸ ಮನೆಯ ಗೃಹಪ್ರವೇಶವಿತ್ತು. ಅಣ್ಣನಾಗಿ ನಾನು ಮುಂದೆ ನಿಲ್ಲಬೇಕಿತ್ತು. ಪೈಪಿನ ವಿಷಯ ತಿಳಿದರೆ ಮಂಜ ಗಾಡಿ ಎತ್ತುವವನಲ್ಲ, ಅವನ ಸ್ವಭಾವ ನನಗೆ ಗೊತ್ತು. ಅವನೊಬ್ಬನನ್ನೇ ಅಲ್ಲಿ ಬಿಟ್ಟು ಬರುವ ಹಾಗಿಲ್ಲ. ಎರಡು ದಿನ ನಿಂತರೆ ನಾನು ಆಡಿಕೊಂಡ ಮಾತೂ ಹೋಯಿತು, ಗೃಹಪ್ರವೇಶವೂ ಹೋಯಿತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇರಬೇಕು ಎಂದು ಎಷ್ಟೋ ಸಲ ಹುಡುಕಿದ್ದೇನೆ. ಇಲ್ಲ.

ದಾರಿಯಲ್ಲಿ ಹೇಳೋಣವೆಂದುಕೊಂಡೆ. ಗಾಡಿ ಖಾಲಿಯಿತ್ತು, ಮಂಜ ಮಗುವನ್ನು ಎತ್ತಿಕೊಂಡು ಹೋಗುವವನಂತೆ ಓಡಿಸುತ್ತಿದ್ದ. ಕೃಷ್ಣಗಿರಿ ದಾಟಿ ಇಡ್ಲಿ ತಿನ್ನುವಾಗ ಹೇಳೋಣ ಎಂದುಕೊಂಡೆ. ಸಂಜೆ ಚನ್ನರಾಯಪಟ್ಟಣದಲ್ಲಿ ನನ್ನನ್ನು ಇಳಿಸಿ, ಕೈ ಮುಗಿದು, "ನಿಮ್ಮಿಂದ ಆಯ್ತಣ್ಣ ಇದು" ಅಂದ. ಆಗಲೂ ಹೇಳಬಹುದಿತ್ತು. ನಾಳೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ. ಮರುದಿನ ಗೃಹಪ್ರವೇಶ. ಅದರ ಮರುದಿನ ಅಂಗಡಿ. ಮರೆತೆ ಎಂದು ಹೇಳಿದರೆ ನೀವು ನಂಬಬಹುದು. ಮರೆತಿರಲಿಲ್ಲ.

ಐದನೆಯ ದಿನ ಮಂಜ ಗಾಡಿ ತೋರಿಸಲೆಂದು ರತ್ನಳನ್ನು ಕರೆದುಕೊಂಡು ಅರಕಲಗೂಡಿನ ಹತ್ತಿರ ಅವಳ ತವರಿಗೆ ಹೋದ. ಅವಳ ಅಣ್ಣ ಪುಟ್ಟರಾಜು ಶುಂಠಿ ಬೆಳೆಯುವವನು. ಹೇಗೂ ಹೊಳೆನರಸೀಪುರದ ಮೇಲೆ ಹೋಗುತ್ತೀರಲ್ಲ ಎಂದು ಹದಿನೈದು ಮೂಟೆ ಶುಂಠಿ ಹೇರಿಸಿದ. ಸ್ವಂತ ಗಾಡಿಯ ಮೊದಲ ಲೋಡು. ರತ್ನ ಕ್ಯಾಬಿನ್ನಿನಲ್ಲಿ ಎಡಗಡೆ ಕೂತಿದ್ದಳು. ದಾರಿಯಲ್ಲಿ ಒಂದು ಇಳಿಜಾರು, ಕೆಳಗೆ ತಿರುವು, ತಿರುವಿನ ಪಕ್ಕದಲ್ಲೇ ನಾಲೆ. ಗಾಡಿ ತಿರುವಿನಲ್ಲಿ ನಿಲ್ಲಲಿಲ್ಲ. ನಾಲೆಯ ಕಲ್ಲಿನ ಮೇಲೆ ಎಡಕ್ಕೆ ಮಗುಚಿತು.

ಮಂಜನಿಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಬೀಳುವಾಗ ಎಡಗಡೆಯ ಕಿಟಕಿ ಹಿಡಿಯಲು ಚಾಚಿದ ರತ್ನಳ ಬಲಗೈ ಬಾಗಿಲಿಗೂ ಕಲ್ಲಿಗೂ ನಡುವೆ ಸಿಕ್ಕಿತ್ತು. ಹಾಸನದ ಆಸ್ಪತ್ರೆಯಲ್ಲಿ ಮಣಿಕಟ್ಟಿಗಿಂತ ಮೇಲೆ ಕತ್ತರಿಸಿ ತೆಗೆದರು. ಅವಳು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಸುತ್ತಿನ ಊರಿನ ಹೆಣ್ಣುಮಕ್ಕಳ ಸ್ಕೂಲ್ ಯೂನಿಫಾರ್ಮ್ ಅವಳದೇ ಹೊಲಿಗೆ.

ನಾನು ಆಸ್ಪತ್ರೆಗೆ ಹೋದಾಗ ಮಂಜ ಕಾರಿಡಾರಿನ ಗೋಡೆಗೆ ಒರಗಿ ಕೆಳಗೆ ಕೂತಿದ್ದ. ನನ್ನ ಮುಖ ನೋಡಿ ಹೇಳಿದ:

"ಬ್ರೇಕ್ ಮ್ಯಾಲೇ ಕಾಲಿಕ್ಕಿದ್ದೆ ಕಣಣ್ಣ. ಇಕ್ಕಿದ್ದೆ ಅನ್ಕಂಡಿವ್ನಿ. ಪೆಡ್ಲು ಸರ್ ಅಂತ ಒಳೀಕೆ ಓಗ್ಬುಡ್ತು. ಇಲ್ಲಾ… ಆಕ್ಸಿಲೇಟ್ರು ತುಳುದ್ಬುಟ್ನಾ? ವಸಾ ಗಾಡಿ, ಕಾಲಿಗೆ ಅಂದಾಜು ಸಿಕ್ನಿಲ್ವಾ? ನೀವೇ ಯೋಳಿ ಅಣ್ಣ."

ಪೆಡಲ್ ಒಳಕ್ಕೆ ಹೋಯಿತು ಎಂದ ಕೂಡಲೇ, ಲೋಡಿಗೆ ಆ ಪೈಪು ಒಡೆದಿದೆ ಎಂದು ನನಗೆ ತಿಳಿಯಿತು. ಅವನು ನಿಜವನ್ನೇ ಹೇಳುತ್ತಿದ್ದ, ಅವನಿಗೇ ನಂಬಿಕೆ ಬರುತ್ತಿರಲಿಲ್ಲ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. "ಇರಬಹುದು ಮಂಜ," ಅಂದೆ. "ಹೊಸ ಗಾಡಿ ಅಲ್ವಾ."

ಇರಬಹುದು — ಒಂದೇ ಮಾತು. ಸೇಲಂನಲ್ಲಿ ಹೇಳದೆ ಬಿಟ್ಟದ್ದು ಒಂದು ತಪ್ಪಾದರೆ, ಇದು… ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಅವನ ಕಾಲನ್ನು ಅವನಿಂದಲೇ ಕಿತ್ತುಕೊಂಡೆ.

ಅಷ್ಟರಲ್ಲಿ ಪುಟ್ಟರಾಜು ಬಂದ. ಬಂದವನೇ ಮಂಜನ ಕೆನ್ನೆಗೆ ಹೊಡೆದ. ನರ್ಸುಗಳು, ರೋಗಿಗಳ ಕಡೆಯವರು, ಎಲ್ಲರೂ ನಿಂತು ನೋಡಿದರು. ಮಂಜ ಕೈ ಎತ್ತಲಿಲ್ಲ. ನಾನು ಪುಟ್ಟರಾಜುವಿನ ಕೈ ಹಿಡಿದು, "ಬಿಡಪ್ಪ, ಬೇಕೂಂತ ಯಾರಾದ್ರೂ ಮಾಡ್ತಾರಾ?" ಅಂದೆ. ಅಲ್ಲಿದ್ದವರಿಗೆ ನಾನು ದೊಡ್ಡ ಮನುಷ್ಯನಂತೆ ಕಂಡಿರಬೇಕು.

ಗಾಡಿಯನ್ನು ತಪಾಸಣೆಗೆ ಬಂದ ಅಧಿಕಾರಿಗಳು ನೋಡಿದರು. ಕಲ್ಲಿನ ಮೇಲೆ ಬಿದ್ದ ಏಟಿಗೆ ಅಡಿಯ ಪೈಪುಗಳೆಲ್ಲ ಮುರಿದಿದ್ದವು. ಯಾವುದು ಬೀಳುವ ಮೊದಲು ಹೋದದ್ದು, ಯಾವುದು ಬಿದ್ದ ಮೇಲೆ ಎಂದು ಹೇಳಲಾಗದು ಎಂದರು. ವಿಮೆಯ ಓಡಾಟ ನಾನು ನೋಡಿಕೊಳ್ಳುತ್ತೇನೆ ಎಂದು ಮಂಜನಿಂದ ಕಾಗದಗಳನ್ನೆಲ್ಲ ಇಸಿದುಕೊಂಡೆ. ಅಂಗಡಿಯಲ್ಲಿ ಕೂತು ಆ ತಮಿಳಿನ ಹಾಳೆಯನ್ನು ಹುಡುಕಿ ತೆಗೆದೆ. ಚೂರು ಚೂರು ಮಾಡಿ, ಮನೆಗೆ ಹೋಗಿ ಬಚ್ಚಲೊಲೆಗೆ ಹಾಕಿದೆ. ಶೋರೂಮಿನವರನ್ನು ಕೇಳಲು ಅವನಿಗೆ ಇದ್ದದ್ದು ಅದೊಂದೇ ಆಧಾರ. ಅದು ಉರಿಯುವಾಗಲೂ ನನಗೆ ಏನೂ ಅನ್ನಿಸಲಿಲ್ಲ. ಸ್ನಾನ ಮಾಡಿ ಊಟಕ್ಕೆ ಕೂತೆ. ಅಂದಿನಿಂದ ಹೀಗೆಯೇ.

ಮಂಜ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಎರಡು ಹಸು ಕಟ್ಟಿಕೊಂಡ. ಹಾಲನ್ನು ಡೈರಿಗೆ ನಡೆದೇ ಕೊಂಡೊಯ್ಯುತ್ತಾನೆ. ಹೆಂಡತಿಯ ತವರಿನವರು ಅವನೊಡನೆ ಮಾತು ಬಿಟ್ಟರು. ರತ್ನ ಎಡಗೈಯಲ್ಲಿ ಉಣ್ಣುವುದು ಕಲಿತಳು. ಹೊರಗಿನವರಿದ್ದರೆ ಊಟಕ್ಕೆ ಕೂರುವುದಿಲ್ಲ. ನಾನು ಮಾತ್ರ ಹೋಗಿ ಬಂದು ಮಾಡುತ್ತಿದ್ದೆ — ಯುಗಾದಿಗೆ, ಗೌರಿ ಹಬ್ಬಕ್ಕೆ, ಹಣ್ಣು ಹಿಡಿದುಕೊಂಡು. ಕಷ್ಟದಲ್ಲಿ ಕೈಬಿಡದವನು ಧರಣಣ್ಣ ಒಬ್ಬನೇ ಎಂದು ಅವರು ಹೇಳುತ್ತಿದ್ದರು. ನಾನು ಕೇಳಿಸಿಕೊಂಡು ಕಾಫಿ ಕುಡಿದು ಬರುತ್ತಿದ್ದೆ.

ಹೋದ ತಿಂಗಳು ಹೋದಾಗ ಮನೆಯಲ್ಲಿ ಗಲಾಟೆ ನಡೆಯುತ್ತಿತ್ತು. ಮಗಳು ಕಾವ್ಯಳಿಗೆ ಕೆಲಸವಾಗಿತ್ತು, ಹಳ್ಳಿ ಹಳ್ಳಿಗೆ ಹೋಗಿ ಬಾಣಂತಿಯರನ್ನು, ಮಕ್ಕಳನ್ನು ನೋಡುವ ಕೆಲಸ. ಸ್ಕೂಟರ್ ಬರಲೇಬೇಕಂತೆ. ಮಂಜ ಒಪ್ಪುತ್ತಿಲ್ಲ. ಅವಳು ನನ್ನ ಕಡೆ ತಿರುಗಿ, "ದೊಡ್ಡಪ್ಪ, ನೀವಾದ್ರೂ ಯೋಳಿ" ಅಂದಳು.

ಮಂಜ ತಲೆ ಎತ್ತದೆ ಹೇಳಿದ, "ಬ್ಯಾಡ ಕಣವ್ವ. ನಮ್ ಕಾಲು ನಂಬಂಗಿಲ್ಲ. ನನ್ ರಕ್ತ ಅಲ್ವಾ ನಿಂದೂವೆ."

ಆ ಮಾತು ಕೇಳಿ ನನ್ನ ಎದೆ ಒಡೆಯಿತು ಎಂದು ಬರೆಯುವ ಆಸೆಯಾಗುತ್ತದೆ. ಹಾಗೇನೂ ಆಗಲಿಲ್ಲ. ಇದು ಇಲ್ಲಿಗೆ ನಿಲ್ಲುವುದಿಲ್ಲ, ಆ ಹುಡುಗಿಯ ಕಾಲಿಗೂ ಹತ್ತಿತು ಎಂದಷ್ಟೇ ತಿಳಿಯಿತು. ಕೂತ ಕುರ್ಚಿಯಲ್ಲೇ ಹೇಳಿಬಿಟ್ಟೆ. ಮೆಕ್ಯಾನಿಕ್ ಅಂದದ್ದು, ನಾನು ತಿರುಚಿದ್ದು, ಹಾಳೆ ಸುಟ್ಟದ್ದು. ಒಂದೂ ಬಿಡದೆ.

ಮಂಜ ತನ್ನ ಬಲಗಾಲನ್ನು ನೋಡುತ್ತ ಕೂತಿದ್ದ. ಪಾದವನ್ನು ಒಂದು ಸಲ ನೆಲಕ್ಕೆ ಒತ್ತಿದ, ಎತ್ತಿದ, ಮತ್ತೆ ಒತ್ತಿದ. ಆಮೇಲೆ ಎದ್ದು ಹಿತ್ತಲಿಗೆ ಹೋದ.

ರತ್ನ ಅಳಲಿಲ್ಲ. "ಕೈ ವಿಸ್ಯ ಬುಡಿ, ಅದು ಓಯ್ತು," ಅಂದಳು. "ಏಳು ವರ್ಸ ನಾನೂ ಇವ್ರುನ್ನೇ ಬೈಕಂಡಿವ್ನಿ ಅಣ್ಣ. ಬಾಯ್ಬುಟ್ಟು ಒಂದ್ ದಿನ ಅಂದಿಲ್ಲ. ಒಳಗೊಳ್ಗೇ. ಪಕ್ಕದಲ್ಲೇ ಮನಿಕಂಡು ಬೈಕಂಡಿವ್ನಿ. ಅದ್ನ ಯಾರಿಗೆ ಯೋಳಾನ ಈಗ?"

ನಾನು ಕುರ್ಚಿಯಿಂದ ಎದ್ದೆ.

ನಾನು ಹೊರಡುವಾಗ ಮಂಜ ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತ. ಮೊದಲ ಸಲ ನನ್ನನ್ನು ಅಣ್ಣ ಅನ್ನದೆ ಮಾತಾಡಿದ. "ನಂಗೆ ಯೋಳಿದ್ದು ಆಯ್ತು. ಆಸ್ಪತ್ರೇಲಿ ನನ್ಗೆ ವಡುದ್ರಲ್ಲ, ನಮ್ ಭಾವ — ಅವ್ರಿಗೆ ಓಗಿ ಯೋಳಿ."

ಮರುದಿನವೇ ಅರಕಲಗೂಡಿಗೆ ಬಸ್ಸು ಹತ್ತಿದೆ. ಪುಟ್ಟರಾಜು ಶುಂಠಿ ತೊಳೆಯುವ ಕಡೆ ಆಳುಗಳ ಜೊತೆ ನಿಂತಿದ್ದ. ಪಕ್ಕಕ್ಕೆ ಬನ್ನಿ ಎಂದು ಕರೆಯಬಹುದಿತ್ತು. ಕರೆಯಲಿಲ್ಲ. ಆಳುಗಳ ಎದುರಿಗೇ ಹೇಳಿದೆ. ಅವನು ಕೈ ಎತ್ತಿದ, ಮತ್ತೆ ಇಳಿಸಿದ. ಹೊಡೆದಿದ್ದರೆ ಚೆನ್ನಾಗಿತ್ತು. "ನನ್ ಕೈಲಿ ವಡಸ್ಬುಟ್ಟು, ಪಕ್ಕದಾಗೇ ನಿಂತ್ಕಂಡಿದ್ರಲ್ರೀ," ಅಂದ. ಆಮೇಲೆ ಕೈ ತೊಳೆದುಕೊಂಡು, ಬೈಕ್ ಹತ್ತಿ ಸಾಲಗಾಮೆಯ ಕಡೆ ಹೊರಟ. ಅಲ್ಲಿ ಅವರವರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಹಕ್ಕೂ ನನಗಿಲ್ಲ.

ಶೋರೂಮಿನವರ ಮೇಲೆ ದೂರು ಕೊಡುವುದಾದರೆ ಎಲ್ಲಿ ಕರೆದರೂ ಬಂದು ಹೇಳುತ್ತೇನೆ, ಹಾಳೆ ಸುಟ್ಟವನು ನಾನೇ ಎಂದೂ ಹೇಳುತ್ತೇನೆ ಎಂದು ಬರೆದು ಸಹಿ ಮಾಡಿ ಮಂಜನಿಗೆ ಕಳಿಸಿದ್ದೇನೆ. ಇಷ್ಟು ವರ್ಷವಾದ ಮೇಲೆ ಅದರಿಂದ ಏನೂ ಆಗಲಾರದು ಎಂದರು ನಾನು ಕೇಳಿದ ವಕೀಲರು. ಮಂಜನಿಂದಲೂ ಉತ್ತರ ಬಂದಿಲ್ಲ.

ಮೊನ್ನೆ ಹಾಸನದ ಬಸ್ ನಿಲ್ದಾಣದ ಹತ್ತಿರ ಅವನು ಎದುರಿಗೆ ಬಂದ. ನಾನು ನಿಂತೆ. ಅವನು ನಿಲ್ಲಲಿಲ್ಲ. ಅದು ಸರಿಯಾಗಿಯೇ ಇತ್ತು.