ಸ್ನೋ ಅಲ್ಲ, ಮಲಾಮು

ಪುಣೆಯ ನಿಗಡಿಯಲ್ಲಿರುವ ನಮ್ಮ ಫ್ಲ್ಯಾಟಿನ ಬಚ್ಚಲುಮನೆಯಲ್ಲಿ ಕಿಟಕಿಯ ಕಟ್ಟೆ ಇರುವುದು ಒಂದು ಮೊಳ. ಆ ಒಂದು ಮೊಳದಲ್ಲಿ ನನ್ನ ಮಗಳು ಮೇಘಾ ಒಂದು ಪೇಟೆಯನ್ನೇ ಕೂರಿಸಿದ್ದಳು. ಬೆಳಿಗ್ಗೆ ಹಚ್ಚುವುದು, ರಾತ್ರಿ ಹಚ್ಚುವುದು, ಹಚ್ಚಿದ್ದನ್ನು ತೆಗೆಯಲು ಹಚ್ಚುವುದು, ತೆಗೆದಾಗ ಉರಿ ಎದ್ದರೆ ಆ ಉರಿಗೆ ಹಚ್ಚುವುದು. ಸೋಪಿಗೆಂದು ಕೈ ಚಾಚಿದರೆ ಒಂದು ಸೀಸೆ ಉರುಳಿ, ಅದು ಪಕ್ಕದ್ದನ್ನು ಉರುಳಿಸಿ, ಮೂರನೆಯದು ಬಕೀಟಿನಲ್ಲಿ ಪುಳಕ್ಕನೆ ಮುಳುಗುತ್ತಿತ್ತು. ಕೆಳಗೆ ಹಿಂಜವಾಡಿಗೆ ಹೋಗುವ ಕಂಪನಿಯ ಕ್ಯಾಬು ಹಾರ್ನು ಹೊಡೆಯುತ್ತಿದ್ದರೂ ಈಕೆ ಕನ್ನಡಿಯ ಮುಂದೆ ಒಂದು ಪದರ ಆರಿತೋ ಇಲ್ಲವೋ ಎಂದು ಕೆನ್ನೆ ತಟ್ಟಿ ನೋಡುತ್ತಿದ್ದಳು. ಇಷ್ಟೆಲ್ಲ ಉಪಚಾರ ಪಡೆದೂ ಆ ಕೆನ್ನೆ ಸದಾ ಕೆಂಪಗೆ ಮುನಿಸಿಕೊಂಡೇ ಇರುತ್ತಿತ್ತು. ಅತಿಯಾದ ಮುದ್ದಿಗೆ ಕೆಡದಿರುವುದು ಲೋಕದಲ್ಲಿ ಏನಿದೆ ಹೇಳಿ!

ಕನ್ನಡದಲ್ಲಿ ಕಳೆ ಎಂಬ ಪುಟ್ಟ ಮಾತಿದೆಯಲ್ಲ, ಅದರ ಮೇಲೆ ನನಗೆ ಬಹಳ ಪ್ರೀತಿ. ಮುಖದಲ್ಲಿ ಬೆಳಗುವುದೂ ಕಳೆ, ಹೊಲದಲ್ಲಿ ಕೀಳಬೇಕಾದದ್ದೂ ಕಳೆ, ಕೂಡುವುದಕ್ಕೆ ಎದುರಾಗಿ ನಿಂತಿರುವುದೂ ಕಳೆ. ನನ್ನ ಇಡೀ ಸೌಂದರ್ಯಶಾಸ್ತ್ರ ಈ ಮೂರರ ಮೇಲೆ ನಿಂತಿದೆ: ಕಳೆಯನ್ನು ಕಳೆದರೆ ಕಳೆ ತಾನಾಗಿ ಬರುತ್ತದೆ. ಅಂಗಡಿಯವರ ಶಾಸ್ತ್ರ ಕೂಡುತ್ತಲೇ ಹೋಗುತ್ತದೆ, ಏಕೆಂದರೆ ಕಳೆಯುವುದನ್ನು ಯಾರೂ ಡಬ್ಬಿಯಲ್ಲಿ ತುಂಬಿ ಮಾರಲಾರರು. ಇದನ್ನು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ, ಮಗಳು ನಕ್ಕರೂ ಹೇಳುತ್ತೇನೆ. ಮೈಗೆ ಒಗ್ಗುವ ಒಂದು ಮೆದುವಾದ ಸೋಪು, ಮಿಂದ ಮೈ ಇನ್ನೂ ಹಸಿಯಾಗಿರುವಾಗಲೇ ಹಚ್ಚಲು ಪರಿಮಳವಿಲ್ಲದ ಒಂದು ಸಾದಾ ಕ್ರೀಮು, ಹೊರಗೆ ಹೊರಟರೆ ಬಿಸಿಲು ತಡೆಯುವಂಥದ್ದೊಂದು. ಪುಣೆಯ ಹೆಣ್ಣುಮಕ್ಕಳು ಸ್ಕೂಟಿ ಏರುವ ಮುಂಚೆ ಕಣ್ಣೆರಡು ಬಿಟ್ಟು ಮಿಕ್ಕೆಲ್ಲವನ್ನೂ ಓಢಣಿಯಲ್ಲಿ ಸುತ್ತಿಕೊಳ್ಳುವ ಚಂದವನ್ನು ನೀವು ನೋಡಿರಬೇಕು. ಅರ್ಧ ಚರ್ಮರಕ್ಷಣೆ ಅಲ್ಲಿಗೇ ಮುಗಿಯಿತು. ಅಡುಗೆಮನೆಯ ಲಿಂಬೆಹಣ್ಣನ್ನು ಮಾತ್ರ ದಯವಿಟ್ಟು ಚಿತ್ರಾನ್ನಕ್ಕೇ ಬಿಡಿ, ಮುಖದ ಮೇಲೆ ಅದಕ್ಕೇನೂ ಕೆಲಸವಿಲ್ಲ.

ಮುಖ ಎನ್ನುವುದಕ್ಕೆ ನಮ್ಮ ಧಾರವಾಡದ ಕಡೆ ಮಾರಿ ಎನ್ನುತ್ತೇವೆ. "ಮಾರಿ ತೊಳಕೊಂಡು ಬಾ" ಎಂದು ನಾನು ಮಗಳನ್ನು ಕೂಗಿದ್ದನ್ನು ಕೇಳಿ, ಮೈಸೂರಿನಿಂದ ಬಂದು ಹೊಸದಾಗಿ ಕೆಳಮನೆ ಸೇರಿದ ಹುಡುಗಿ ಮನೆಯೊಳಗೆ ಮಾರಮ್ಮನ ಪೂಜೆ ಏನಾದರೂ ನಡೆದಿದೆಯೇ ಎಂದು ಕೇಳಿದ್ದಳು. ನಾವು ನಕ್ಕೆವು. ಆದರೆ ಮಾತೊಂದು ಮನುಷ್ಯರನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಬಲ್ಲದು ಎಂಬುದು ನನಗೆ ತಿಳಿದದ್ದು ನನ್ನ ಅತ್ತೆಯಿಂದ.

ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಒಂದು ಕಾಲಕ್ಕೆ ಅವರ ಮುಖ ನೋಡಬೇಕಿತ್ತು ನೀವು. ಮಿಂದು ಬಂದವರೇ ಎರಡೂ ಕೆನ್ನೆಗೆ ಅರಿಸಿನ ತೀಡಿಕೊಂಡು, ಹಣೆಗೆ ಅಗಲವಾದ ಕುಂಕುಮವಿಟ್ಟು ಒಲೆಯ ಮುಂದೆ ನಿಂತರೆ ಅಡುಗೆಮನೆಯಲ್ಲಿ ಇನ್ನೊಂದು ದೀಪ ಹಚ್ಚಿದಂತಿರುತ್ತಿತ್ತು. ಈಗ ಅರಿಸಿನವೂ ಹೋಯಿತು, ಕುಂಕುಮವೂ ಹೋಯಿತು. ಬಿಡಿರೆಂದು ನಾವು ಯಾರೂ ಹೇಳಿರಲಿಲ್ಲ, ಇಟ್ಟುಕೊಳ್ಳಿರೆಂದು ಕೈಮುಗಿದರೂ ಅವರು ಕೇಳಲಿಲ್ಲ. ಅದರ ಮೇಲೆ ಪುಣೆಯ ಚಳಿ ಬಂತು. ನೀರಿನ ಪಸೆಯೇ ಇಲ್ಲದ ಗಾಳಿಗೆ ಅವರ ಕಾಲಿನ ಚರ್ಮ ಬಿರಿಯಿತು, ಕೆರೆದು ಕೆರೆದು ಸೀರೆಯ ಅಂಚಿಗೆ ರಕ್ತದ ಕಲೆ ಹತ್ತತೊಡಗಿತು. ಚರ್ಮದ ಡಾಕ್ಟರು ನೋಡಿ, ರೋಗವೇನೂ ಇಲ್ಲ, ಬರೀ ಒಣಗಿದೆ, ಕುದಿಯುವ ನೀರು ಸುರಿದುಕೊಳ್ಳುವುದನ್ನು ಬಿಟ್ಟು ದಿನವೂ ಕ್ರೀಮು ಹಚ್ಚಿ ಎಂದಷ್ಟೇ ಹೇಳಿದರು. ಎಷ್ಟು ಸುಲಭದ ಪರಿಹಾರ ಎಂದು ಹಿಗ್ಗುತ್ತ ಮನೆಗೆ ಬಂದು ಡಬ್ಬಿ ತೆರೆದೆ. ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ಸ್ನೋ ಹಚ್ಚತೀಯೇನ ನನಗ? ನಿನಗ ಬುದ್ಧಿ ಅದನೋ ಇಲ್ಲೋ?"

ಅವರ ಕಾಲದವರಿಗೆ ಡಬ್ಬಿಯಲ್ಲಿ ಬೆಳ್ಳಗೆ ಕಾಣುವುದೆಲ್ಲ ಸ್ನೋ. ಮದುಮಗಳ ಪೆಟ್ಟಿಗೆಯಲ್ಲಿ ಪೌಡರಿನ ಜೊತೆಗೆ ಬರುತ್ತಿದ್ದದ್ದು, ಜಾತ್ರೆಗೆ ಹೊರಟಾಗ, ಗಂಡನ ಜೊತೆ ಊರಿಗೆ ಹೊರಟಾಗ ಹಚ್ಚಿಕೊಳ್ಳುತ್ತಿದ್ದದ್ದು. ಅಂದರೆ ಶೃಂಗಾರ. ಗಂಡ ಹೋದವಳಿಗೆ ಶೃಂಗಾರವೆಲ್ಲಿಯದು? "ಒಣಗಲಿ ಬಿಡು. ಇನ್ನ ಯಾರಿಗೆ ತೋರಸಬೇಕಾಗೇದ ಈ ತೊಗಲು?" ಎಂದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎದುರಿಗಿದ್ದದ್ದು ಬರೀ ತುರಿಕೆಯಾಗಿರಲಿಲ್ಲ. ಈ ಹೆಂಗಸು ತನ್ನ ಮೈ ಇನ್ನು ತನ್ನದಲ್ಲವೆಂದು ಬರೆದುಕೊಟ್ಟವರ ಹಾಗೆ ಕೂತಿದ್ದರು, ಆ ಮೈಯನ್ನು ಅವರಿಗೆ ವಾಪಸು ಕೊಡಿಸದೆ ಬಿಡಬಾರದೆಂದು ನಾನು ಹಟ ಹಿಡಿದೆ.

ಹಟಕ್ಕೆ ಉಪಾಯ ಜೊತೆಯಾಯಿತು. ಒಳಗೆ ಹೋಗಿ ಡಬ್ಬಿಯ ಮೇಲಿದ್ದ ಹೂವಿನ ಚಿತ್ರದ ಚೀಟಿಯನ್ನು ಉಗುರಿನಿಂದ ಕಿತ್ತು ತೆಗೆದು, ಮರುದಿನ ಅದೇ ಡಬ್ಬಿಯನ್ನು ಬೋಳಾಗಿಸಿ ತಂದೆ.

"ಅತ್ಯಾ, ಡಾಕ್ಟರು ಮಲಾಮು ಕೊಟ್ಟಾರ್ರಿ. ಕಾಲ ಇಲ್ಲೆ ಚಾಚರಿ."

"ಮಲಾಮೇನು? ಹಂಗನ್ನು ಮತ್ತ," ಎಂದು ಅತ್ತೆ ಕಾಲು ಚಾಚಿದರು. ಒಳಗಿದ್ದ ಪದಾರ್ಥ ಅದೇ. ಸ್ನೋ ಆಗಿದ್ದಾಗ ಪಾಪವಾಗಿದ್ದು ಮಲಾಮು ಆದ ಕೂಡಲೇ ಪಥ್ಯವಾಯಿತು. ವಾರ ಕಳೆಯುವುದರೊಳಗೆ ಕಾಲಿನ ಬಿರುಕು ಕೂಡಿಕೊಂಡಿತು, ಕೈಗಳೂ ಮೆತ್ತಗಾದವು. ಮುಖ ಮಾತ್ರ ಒಪ್ಪಲಿಲ್ಲ. ಕೆನ್ನೆಯ ಹತ್ತಿರ ನನ್ನ ಬೆರಳು ಹೋದರೆ ಸಾಕು, "ಅಲ್ಲೇನೂ ಕಡಿತ ಇಲ್ಲ" ಎಂದು ಕತ್ತು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಒಂದು ಕಾಲಕ್ಕೆ ಅರಿಸಿನವಿದ್ದ ಜಾಗವದು. ಮಲಾಮಿನ ನೆಪ ಅಲ್ಲಿಯ ತನಕ ಹೋಗುವಂತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಎದುರುಮನೆಯ ಪದ್ಮಾ ಕಾಕು ಬಂದರು. ಮರಾಠಿಯವರು, ಅತ್ತೆಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವರು, ಸಂಜೆ ತಪ್ಪದೆ ಪಾರ್ಕಿಗೆ ತಿರುಗಾಡಲು ಹೋಗುವವರು. ನಾನು ಚಹಾ ಮಾಡಲು ಒಳಗಿದ್ದೆ. ಅವರು ಅತ್ತೆಯ ಪಕ್ಕ ಕೂತು, ಒಣಗಿದ ಮುಖ ನೋಡಿ ಕರುಳು ಚುರ್ರೆಂದು, "ಆಜೀ, ರೋಜ್ ಸಾಯ ಲಾವಾ" ಎಂದರು. ಮರಾಠಿಯಲ್ಲಿ ಸಾಯ ಎಂದರೆ ಹಾಲಿನ ಕೆನೆ. ದಿನವೂ ಕೆನೆ ಹಚ್ಚಿಕೊಳ್ಳಿ ಎಂದು ಪಾಪ ಅವರ ಉಪದೇಶ. ಪುಣೆಗೆ ಬಂದು ತಿಂಗಳುಗಳಷ್ಟೇ ಆಗಿದ್ದ ಅತ್ತೆಗೆ ರೋಜ್ ಎಂದರೆ ದಿನಾ ಎಂಬುದು ಹಾಲಿನವನಿಂದ ಗೊತ್ತಿತ್ತು, ಸಾಯ ಎಂಬುದು ಮಾತ್ರ ಹುಟ್ಟಿದಾಗಿನಿಂದ ತಿಳಿದ ಮಾತೇ ಆಗಿತ್ತು. ಕಪ್ಪು ಹಿಡಿದು ನಾನು ಹೊರಗೆ ಬರುವ ಹೊತ್ತಿಗೆ ಅತ್ತೆ ಸಿಟ್ಟಿನಿಂದ ಎದ್ದು ನಿಂತಿದ್ದರು.

"ಏ ವೀಣಾ, ನೋಡ ಬಾ ಇಲ್ಲೆ! ಮನಿ ಬಾಗಲಕ್ಕ ಬಂದು ನನಗ ಸಾಯಿ ಅಂತಾಳ ಈಕಿ! ಒಮ್ಮೆ ಅಲ್ಲ, ದಿನಾ ಸಾಯಬೇಕಂತ!"

ಕಾಕುಗೆ ಕನ್ನಡ ಬಾರದು, ಆದರೆ ಸಿಟ್ಟಿಗೆ ಅನುವಾದ ಬೇಕಿಲ್ಲವಲ್ಲ. "ಕಾಯ ಝಾಲಂ, ಕಾಯ ಝಾಲಂ?" ಎಂದು ಏನಾಯಿತೆಂದು ತಿಳಿಯದೆ ಅವರೂ ಎದ್ದು ನಿಂತರು. ನಾನು ಚಹಾ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕು, ಫ್ರಿಜ್ಜಿನಿಂದ ಹಾಲಿನ ಪಾತ್ರೆ ತಂದು ಅತ್ತೆಯ ಮುಂದೆ ಹಿಡಿದು, ಮೇಲಿನ ಪದರವನ್ನು ಬೆರಳಿನಿಂದ ಎತ್ತಿ ತೋರಿಸಿದೆ. "ಇದಕ್ಕ ಸಾಯ ಅಂತಾರ್ರಿ ಇವರು. ಕೆನಿ ರೀ ಅತ್ಯಾ, ಕೆನಿ!" ಕಾಕುಗೆ ಮರಾಠಿಯಲ್ಲಿ ಸಂಗತಿ ಬಿಡಿಸಿ ಹೇಳಿದೆ. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಅತ್ತೆಯ ಕೈ ಹಿಡಿದುಕೊಂಡರು. ಅತ್ತೆ ಕೆನೆಯನ್ನೊಮ್ಮೆ, ಕಾಕುವನ್ನೊಮ್ಮೆ ನೋಡಿ, ತಾವೂ ನಗಲು ಹತ್ತಿದರು. ಮಾವನವರು ಹೋದ ಮೇಲೆ ಅವರು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು.

ಒಂದೇ ಸದ್ದು ಒಂದು ಮನೆಯಲ್ಲಿ ಮರಣ, ಎದುರುಮನೆಯಲ್ಲಿ ಕೆನೆ! ನಾವು ಹೊತ್ತು ತಿರುಗುವ ಭಾರದಲ್ಲಿ ಎಷ್ಟು ಪಾಲು ಸಂಗತಿಯದು, ಎಷ್ಟು ಪಾಲು ಬರೀ ಅದಕ್ಕಿಟ್ಟ ಹೆಸರಿನದು ಎಂದು ಆ ಮಧ್ಯಾಹ್ನ ನಾನು ತುಸು ಹೊತ್ತು ಯೋಚಿಸಿದೆ. ಮುಖಕ್ಕೆ ಕೆನೆ ಹಚ್ಚುವ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ, ಅದು ರೊಟ್ಟಿಯ ಮೇಲೆಯೇ ಹೆಚ್ಚು ಶೋಭಿಸುತ್ತದೆ.

ಕಾಕು ಹೋದ ಮೇಲೆ ಅತ್ತೆ ಚಹಾದ ಕಪ್ಪುಗಳನ್ನು ಒಳಗೆ ತಂದಿಟ್ಟರು. ಆಮೇಲೆ ಬೇರೆ ಕಡೆ ನೋಡುತ್ತ ಕೇಳಿದರು:

"ಆಕಿ ಯಜಮಾನ್ರು ಏನ ಮಾಡತಾರ?"

"ಇಲ್ರೀ. ಹೋಗಿ ಭಾಳ ವರ್ಷ ಆತು."

"ಮತ್ತ ಮಾರಿ ಅಷ್ಟ ನುಣ್ಣಗದಲ್ಲ? ಹಚ್ಚಿಕೋತಾಳೇನು?"

"ಹಚ್ಚಿಕೋತಾರ್ರಿ, ದಿನಾ. ತೊಗಲು ಅವರದ ರೀ ಅತ್ಯಾ, ಗಂಡಂದಲ್ಲಲ್ಲ."

ಅತ್ತೆ ತಮ್ಮ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ನಾನು ಮಾತು ಮುಂದುವರಿಸಲಿಲ್ಲ. ಹೇಳಬೇಕಾದ್ದನ್ನು ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೂ ಕಳೆಯುವ ಶಾಸ್ತ್ರದಲ್ಲೇ ಬರುತ್ತದೆ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ, ಮಿಂದು ಬಂದ ಅತ್ತೆಯನ್ನು ಬಾಲ್ಕನಿಯ ಎಳೆಬಿಸಿಲಿನಲ್ಲಿ ಕೂರಿಸಿ ಎಂದಿನಂತೆ ಕಾಲಿಗೆ ಹಚ್ಚಿದೆ, ಕೈಗೆ ಹಚ್ಚಿದೆ, ಡಬ್ಬಿ ಮುಚ್ಚಲು ಹೊರಟೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಯಾಕೋ ಇಲ್ಲೂ ಕಡಿಲಿಕ್ಕೆ ಹತ್ತೇದ ನೋಡ," ಎಂದು ಕೆನ್ನೆ ತೋರಿಸಿದರು.

ಬಗ್ಗಿ ನೋಡಿದೆ. ಕೆರೆದ ಗೀರಿಲ್ಲ, ಕೆಂಪಿಲ್ಲ, ಬಿರುಕಿಲ್ಲ. ಅತ್ತೆ ಕಣ್ಣು ಮುಚ್ಚಿ, ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ಕಾಯುತ್ತಿದ್ದರು. "ಹೌದ್ರಿ, ಭಾಳ ಒಣಗೇದ" ಎಂದೆ, ಎರಡೂ ಕೆನ್ನೆಗೆ ಹಚ್ಚಿದೆ.